ಅಕ್ಕನಿಗೆ ಬರೆದುಕೊಟ್ಟ ಪತ್ರ

ದುಬೈಯ ನೈಫ್ ಬಡಾವಣೆಯ ಆ ಕೋಣೆಗೆ ಪ್ರಾರ್ಥನೆಗೆಂದು ಹೋದಾಗ ನಾವು ಚಪ್ಪಲಿಗಳನ್ನು ಹೊರಗೆ ಬಿಡುತ್ತಿರಲಿಲ್ಲ. ಅಕ್ಕಿಯ ಖಾಲಿ ಚೀಲಕ್ಕೆ ತುಂಬಿ ಒಳಗಿಡುತ್ತಿದ್ದೆವು. ಮೆಟ್ಟಿಲ ಮೇಲೆ ಅಷ್ಟು ಜೊತೆ ಕಂಡರೆ ವಾಚ್‌ಮನ್ ಗಲಾಟೆ ಮಾಡುತ್ತಿದ್ದ. ಕೋಣೆ ಅಕ್ಕನದು. ಒಡಹುಟ್ಟಿದ ಅಕ್ಕನಲ್ಲ, ಬುರ್ಖಾ ಹೊಲಿಯುವ ಅಂಗಡಿಯಲ್ಲಿ ದುಡಿಯುತ್ತಿದ್ದ ಉಡುಪಿ ಕಡೆಯ ಒಂಟಿ ಹೆಂಗಸು. ಪ್ರತಿ ಶುಕ್ರವಾರ ಮಂಚವನ್ನು ಗೋಡೆಗೆ ಒತ್ತಿ, ಚಾಪೆ ಹಾಸಿ, ಅವಳೇ ಬೈಬಲಿನ ವಾಕ್ಯ ಓದಿ ಅರ್ಥ ಹೇಳಿ ಪ್ರಾರ್ಥನೆ ನಡೆಸುತ್ತಿದ್ದಳು. ಊರಿಂದ ಹೊಸದಾಗಿ ಬಂದ ನನ್ನನ್ನು ಆ ಚಾಪೆಯ ಮೇಲೆ ಕೂರಿಸಿದವಳೂ ಅವಳೇ.

"ಮೊದಲಿನ ಕ್ರೈಸ್ತರಿಗೆ ಚರ್ಚ್ ಕಟ್ಟಡ ಎಲ್ಲಿತ್ತು ತಮ್ಮ?" ಅನ್ನುತ್ತಿದ್ದಳು. "ಎಷ್ಟೋ ಕಡೆ ಹೆಂಗಸರ ಮನೆಯಲ್ಲೇ ಸಭೆ ಕೂಡ್ತಿದ್ದದ್ದು. ಯೇಸುವಿನ ಸಮಾಧಿ ಖಾಲಿ ಉಂಟು ಅಂತ ಓಡಿ ಬಂದು ಹೇಳಿದ್ದೂ ಹೆಂಗಸರೇ. ಗಂಡಸರು ನಂಬಲಿಲ್ಲ, ಅದು ಬೇರೆ ವಿಷಯ. ಯಲ್ಲಾ, ನಡೀರಿ, ಊಟಕ್ಕೆ ಏಳಿ."

ಸಭೆ ಬೆಳೆಯಿತು. ಚರ್ಚಿನ ಆವರಣದಲ್ಲಿ ಕನ್ನಡದವರಿಗೂ ವಾರಕ್ಕೆ ಎರಡು ತಾಸು ಸಿಕ್ಕಿತು. ಕಮಿಟಿಯಾಯಿತು, ನಾನು ಕಾರ್ಯದರ್ಶಿಯಾದೆ. ಅಕ್ಕ ಚಹಾದ ಮೇಜಿಗೆ ಹೋದಳು. ಹೋದಳು ಎಂದು ಬರೆದೆ, ಕಳಿಸಿದವನು ನಾನು. "ಅಕ್ಕ, ಇಲ್ಲಿಗೆ ದೊಡ್ಡವರೆಲ್ಲ ಬರ್ತಾರೆ, ಹೆಂಗಸರು ಎದುರು ನಿಂತು ಮಾತಾಡಿದ್ರೆ ಸರಿಯಾಗೂದಿಲ್ಲ" ಎಂದಿದ್ದೆ. ಸ್ಮರಣ ಸಂಚಿಕೆಯಲ್ಲಿ ಸಭೆಯ ಚರಿತ್ರೆ ಬರೆದವನೂ ನಾನೇ. 'ಕೆಲವು ಸಹೋದರರು ಸೇರಿ ಆರಂಭಿಸಿದರು' ಎಂದು ಬರೆದೆ.

ಕಣ್ಣು ಮಂಜಾಗಿ, ಹೊಲಿಗೆ ಬಿಟ್ಟು ಊರಿಗೆ ಹೊರಟಾಗ ಅವಳು ಕೇಳಿದ್ದು ಒಂದು ಪತ್ರ. ಊರಿನ ಸಭೆಗೆ ಮನೆಮನೆಗೆ ಹೋಗಿ ಹೆಂಗಸರಿಗೆ ವಾಕ್ಯ ಹೇಳುವ ಸೇವಕಿಯೊಬ್ಬಳು ಬೇಕಿತ್ತು. ದುಬೈಯಲ್ಲಿ ಪ್ರಾರ್ಥನೆ ನಡೆಸಿದ್ದಾಳೆಂದು ನಾವು ಬರೆದುಕೊಟ್ಟರೆ ಅವಳನ್ನೇ ತೆಗೆದುಕೊಳ್ಳುವುದಾಗಿ ಅಲ್ಲಿಯ ಪಾದ್ರಿ ಹೇಳಿದ್ದರು.

"ಇದ್ದದ್ದನ್ನು ಬರಿ ಮಾರಾಯ, ಹೊಗಳೂದು ಬೇಡ" ಎಂದು ನಕ್ಕಳು.

ಇದ್ದದ್ದನ್ನು ಬರೆದರೆ ಸಂಚಿಕೆಯಲ್ಲಿ ನಾನು ಬರೆದ ಚರಿತ್ರೆ ಸುಳ್ಳಾಗುತ್ತಿತ್ತು. 'ಇವರು ಪ್ರಾರ್ಥನೆಗೆ ಕ್ರಮವಾಗಿ ಹಾಜರಾಗುತ್ತಿದ್ದರು' ಎಂದಷ್ಟೇ ಬರೆದು, ಮೊಹರು ಒತ್ತಿ, ಲಕೋಟೆ ಅಂಟಿಸಿ ಕೊಟ್ಟೆ. ಒಬ್ಬ ಸೇವಕಿಯನ್ನು ಗೌರವದಿಂದ ಸ್ವೀಕರಿಸಿರೆಂದು ಅಪೊಸ್ತಲನು ರೋಮಿನ ಸಭೆಗೆ ಬರೆದದ್ದನ್ನು ಅದೇ ವಾರ ನಾನೇ ಬೈಬಲಿನಿಂದ ಎಲ್ಲರೆದುರು ಓದಿದ್ದೆ.

ಕೆಲಸ ಬೇರೆಯವಳಿಗೆ ಹೋಯಿತು. ಫೋನಿನಲ್ಲಿ ಅಕ್ಕ ಬೈಯಲಿಲ್ಲ. "ನೀನು ಬರೆದದ್ದು ಸುಳ್ಳಲ್ಲ ತಮ್ಮ. ನಾನು ಹಾಜರಿದ್ದೆ ಅಲ್ವಾ" ಎಂದಳು. ಆಮೇಲೆ ಫೋನು ಬರಲಿಲ್ಲ, ನಾನೂ ಮಾಡಲಿಲ್ಲ. ತೀರಿಕೊಂಡ ಸುದ್ದಿ ಮತ್ತೊಬ್ಬರಿಂದ ತಿಳಿಯಿತು.

ಈಗ ನಾನು ಅಬುಧಾಬಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ತಿಂಗಳು ಬಸ್ಸು ಹತ್ತಿ ದುಬೈಗೆ ಹೋಗಿ, ಈಗಿನ ಕಾರ್ಯದರ್ಶಿಗೆ ಎಲ್ಲವನ್ನೂ ಹೇಳಿ, ಚರಿತ್ರೆ ತಿದ್ದಿ ಎಂದು ಬೇಡಿಕೊಂಡೆ.

"ಅಂಕಲ್, ಅದು ಪ್ರಿಂಟಾಗಿ ಎಷ್ಟು ವರ್ಷ ಆಯ್ತು! ಖಲಾಸ್. ಸಾಕ್ಷಿ ಹೇಳ್ಲಿಕ್ಕೆ ಈಗ ಯಾರು ಉಂಟು?"

ಸಾಕ್ಷಿ ನಾನೊಬ್ಬನೇ. ಸುಳ್ಳು ಬರೆದವನ ಸಾಕ್ಷಿ ಯಾರಿಗೆ ಬೇಕು? ಹಿಂದಿನ ಮೇಜಿನಿಂದ ಹೆಂಗಸೊಬ್ಬಳು ಚಹಾ ತಂದು ಕೈಗಿತ್ತಳು. ಅವಳ ಹೆಸರು ಕೇಳಬೇಕೆನಿಸಿತು. ಕೇಳಲಿಲ್ಲ. ಕುಡಿದು ಬಸ್ಸಿಗೆ ಹೊರಟೆ.