ಗಡದ ಹಾದಿಯಲ್ಲಿ ಚೆಲ್ಲಿದ ನೀರು

ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ನಾನು ಮೂವತ್ತೆಂಟು ವರ್ಷ ತೂಕ ಮಾಡಿದವನು. ಚೀಲದ ಮೂಲೆ ಹಿಡಿದು ಅಲುಗಾಡಿಸಿದರೆ ಸಾಕು, ಎಷ್ಟು ಕಿಲೋ ಎಂದು ಹೇಳುತ್ತಿದ್ದೆ. ಹಾಗಾಗಿ ಆ ದಿನ ಎಷ್ಟು ಚೆಲ್ಲಿದೆನೋ ಗೊತ್ತಾಗಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಬೆಳಿಗ್ಗೆ ವಾಕಿಂಗಿಗೆ ಬರುವ ನಾವು ಏಳು ಮಂದಿ, ಎಲ್ಲರೂ ಅರವತ್ತೈದು ದಾಟಿದವರು, ಹೋದ ಚಳಿಗಾಲದಲ್ಲಿ ಗಡಿಯಾಚೆ ಮಹಾರಾಷ್ಟ್ರದ ಒಂದು ಗಡ, ಅಂದರೆ ಗುಡ್ಡದ ಮೇಲಿನ ಹಳೇ ಕೋಟೆ, ಹತ್ತಲು ಹೊರಟೆವು. ಹಟ ಹಿಡಿದವನು ನನ್ನ ಗೆಳೆಯ. ಪಕ್ಕದ ಹಳ್ಳಿ ಅಕ್ಕೋಳದವನು, ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತವನು, ಟಪಾಲು ಹಂಚಿ ನಿವೃತ್ತನಾದವನು. ಆಕಾಶ ತಿಳಿಯಾಗಿದ್ದರೆ ಅವನ ಮನೆಯ ಮಾಳಿಗೆಯಿಂದ ಆ ಗುಡ್ಡ ಕಾಣುತ್ತದೆ. ಅಲ್ಲಿಂದ ಅಕ್ಕೋಳ ಕಾಣುತ್ತದೋ ಇಲ್ಲವೋ ಎಂದು ಒಮ್ಮೆ ನೋಡಬೇಕೆಂಬುದು ಅವನ ಆಸೆ. ಮೊಣಕಾಲಿನ ಆಪರೇಶನ್ ಆದಮೇಲೆ ಮನೆಯ ಹದಿನಾಲ್ಕು ಮೆಟ್ಟಿಲನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದು ಆರು ತಿಂಗಳು ತಯಾರಾಗಿದ್ದ.

ಗುಡ್ಡದ ಬುಡದಲ್ಲಿ, ನಮ್ಮ ಮುಂದಾಳು ನಿವೃತ್ತ ಪಿ.ಟಿ. ಮಾಸ್ತರರು, ಮೇಲೆ ಕುಡಿಯುವ ನೀರಿಲ್ಲವೆಂದು ಎರಡು ಸಲ ಹೇಳಿದರು. ಗೆಳೆಯನ ಮೊಣಕಾಲಿಗೆ ಭಾರ ಬೇಡವೆಂದು ಅವನ ಮನೆಯ ಐದು ಲೀಟರಿನ ಕ್ಯಾನನ್ನು ನಾನು ಹೊತ್ತೆ. ಅದರಲ್ಲಿ ನಮ್ಮಿಬ್ಬರ ನೀರಿತ್ತು.

"ಭಾರ ಆಗತೈತೇನಲೇ?" ಎಂದು ಕೇಳಿದ.

"ವಖಾರ್ಯಾಗ ಚೀಲಾ ಎತ್ತಿದಾಂವಗ ಇದೇನ್ ಭಾರ?"

ವಖಾರಿಯಲ್ಲಿ ಚೀಲ ಎತ್ತುತ್ತಿದ್ದವರು ಹಮಾಲರು. ನಾನು ಬರೆದುಕೊಳ್ಳುತ್ತಿದ್ದೆ.

ಅರ್ಧ ಹಾದಿಯಲ್ಲಿ ನನ್ನ ಉಸಿರು ಕಟ್ಟಿತು. ಗೆಳೆಯ ಒಂದು ತಿರುವು ಹಿಂದಿದ್ದ. ಮೂತ್ರಕ್ಕೆ ಹೋಗುವವನಂತೆ ಪೊದೆಯ ಮರೆಗೆ ಹೋಗಿ ಮೂರು ಲೀಟರ್ ನೀರು ಚೆಲ್ಲಿದೆ. ಆಮೇಲೆ ಬಹಳ ಚೆನ್ನಾಗಿ ನಡೆದೆ. ಮಾಸ್ತರರು ಹೊಗಳಿದರು.

ಕೊನೆಯ ಏರು ಶುರುವಾಗುವಲ್ಲಿ ಎಲ್ಲರೂ ಕೂತೆವು. ಬಿಸಿಲು ಏರಿತ್ತು. ನಾವಿಬ್ಬರೂ ಕುಡಿದ ಮೇಲೆ ಕ್ಯಾನಿನ ತಳದಲ್ಲಿ ಒಂದು ಲೋಟದಷ್ಟು ನೀರು ಉಳಿಯಿತು. ಉಳಿದವರ ಬಾಟಲಿಗಳೂ ತಳ ಕಂಡಿದ್ದವು.

"ಇಷ್ಟರಾಗ ಇಬ್ರೂ ಹತ್ತಿ ಇಳಿಯೂದು ಆಗೂದಿಲ್ರಿ," ಎಂದರು ಮಾಸ್ತರರು. "ನೀರ ಎಲ್ಲಿ ಹೋತು?"

"ಮುಚ್ಚಳ ಸೋರಾಕತ್ತೈತ್ರಿ," ಎಂದೆ.

ಗೆಳೆಯ ಕ್ಯಾನನ್ನು ನೋಡಿದ. "ತಪ್ಪು ನಂದ ಬಿಡಪಾ. ಹಳೇ ಕ್ಯಾನ್ ತಂದ್ನಿ. ನನ್ ಮೊಣಕಾಲ ಹೆಂಗೂ ನಿಧಾನ. ನೀ ಹತ್ತು, ನಾ ಇಳೀತೀನಿ. ಮ್ಯಾಗ ಹೋಗಿ ಅಕ್ಕೋಳ ಕಾಣತೈತೇನ್ ನೋಡು."

ಉಳಿದ ನೀರನ್ನು ಅವನಿಗೇ ಕೊಡಬಹುದಿತ್ತು. ಕೊಡಲಿಲ್ಲ. ಹತ್ತಿದೆ. ಮೇಲೆ ಗ್ರೂಪ್ ಫೋಟೋ ತೆಗೆದರು, ಮುಂದಿನ ಸಾಲಿನಲ್ಲಿ ನಿಂತೆ. ಕೆಳಗೆ ಬಂದಾಗ ಅವನು ನಾವು ಬಂದ ಗಾಡಿಯ ನೆರಳಿನಲ್ಲಿ ಕೂತಿದ್ದ.

"ಕಾಣ್ತೇನಲೇ?"

"ಕಾಣ್ತು," ಎಂದೆ. ನಾನು ನೋಡಿರಲಿಲ್ಲ. ನೆನಪೇ ಆಗಿರಲಿಲ್ಲ.

ಒಂದು ವಾರದ ನಂತರ ಅವನು ಹೊಸ ಕ್ಯಾನು ಕೊಂಡು, ನೀರು ತುಂಬಿ, ನನ್ನ ಮನೆಗೆ ತಂದು ತಲೆಕೆಳಗು ಹಿಡಿದ. "ನೋಡು, ಒಂದ್ ಹನಿ ಸೋರೂದಿಲ್ಲ."

"ಹಳೇದೂ ಸೋರತಿರಲಿಲ್ಲ," ಎಂದೆ. ಎಲ್ಲವನ್ನೂ ಹೇಳಿದೆ.

ಅವನು ಕ್ಯಾನನ್ನು ನೆಲಕ್ಕಿಟ್ಟ. "ಎಷ್ಟ ಚೆಲ್ಲಿದಿ?"

"ಮೂರ್ ಲೀಟರ್."

"ತೂಕಾ ಮಾಡಾಂವ ನೀ, ಬರೋಬರಿ ಹೇಳ್ತಿ. ನೀರಿಂದು ಇರ್ಲಿ. ನೋಡಲಾರದ 'ಕಾಣ್ತು' ಅಂತ ಯಾಕಂದಿ? ಮನ್ಯಾಗೆಲ್ಲಾ ಹೇಳಿ ಬಂದೀನಿ."

ಉಳಿದವರನ್ನು ಕೇಳೋಣವೆಂದೆ, ಒಪ್ಪಲಿಲ್ಲ. ತಾನೇ ನೋಡಬೇಕಂತೆ.

ಈಗ ನಾನು ಆ ಹೊಸ ಕ್ಯಾನನ್ನು ಪೂರ್ತಿ ತುಂಬಿ, ಬೆನ್ನಿಗೆ ಕಟ್ಟಿಕೊಂಡು ದಿನಾ ವಾಕಿಂಗ್ ಮಾಡುತ್ತೇನೆ. ಅವನು ನನ್ನ ಹಿಂದೆ ನಡೆಯುತ್ತಾನೆ. "ಯಾಕ್ರಿ ಕಾಕಾ, ಕ್ಯಾನು?" ಎಂದು ಯಾರು ಕೇಳಿದರೂ ನಾನು ನಿಜ ಹೇಳಬೇಕೆಂಬುದು ಅವನ ಕರಾರು. ನಿಪ್ಪಾಣಿಯಲ್ಲಿ ಕೇಳುವವರು ಬಹಳ. ಬರುವ ಚಳಿಗಾಲದಲ್ಲಿ ಇಬ್ಬರೂ ಮತ್ತೆ ಗಡಕ್ಕೆ ಹೋಗುವವರಿದ್ದೇವೆ. ಡಾಕ್ಟರು ಇನ್ನೂ ಹೂಂ ಅಂದಿಲ್ಲ, ಅವನು ಅಂದಿದ್ದಾನೆ. ಅಲ್ಲಿಂದ ಅಕ್ಕೋಳ ಕಾಣುತ್ತದೋ ಇಲ್ಲವೋ, ನನಗಿನ್ನೂ ಗೊತ್ತಿಲ್ಲ.