ಗುರುದೇವಿ ಮೇಡಂ ಪಾಲಿಗೆ ಬರಬೇಕಿದ್ದ ಚೆಂಡು

ಶಹಾಪುರದಲ್ಲಿ ಸಿಮೆಂಟಿನ ನೆಲ ಕಂಡರೆ ಸಾಕು, ಜನರಿಗೆ ಅದರ ಮೇಲೆ ಭತ್ತ ಹರವಬೇಕು ಅನಿಸುತ್ತದೆ. ರಸ್ತೆಯನ್ನೂ ಬಿಟ್ಟಿಲ್ಲ, ಶಾಲೆಯ ಅಂಗಳವನ್ನೂ ಬಿಟ್ಟಿಲ್ಲ. ನಮ್ಮ ಶಾಲೆಯ ಬಾಸ್ಕೆಟ್‌ಬಾಲ್ ಅಂಕಣ ಸುಗ್ಗಿಯ ಕಾಲಕ್ಕೆ ಬಸವಂತರಾಯರ ಕಣವಾಗುತ್ತಿತ್ತು. ಅವರು ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು, ದಲ್ಲಾಳಿ ಅಂಗಡಿಯ ಸಾಹುಕಾರರು. ಹೆಸರು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವರೆದುರು ನಿಂತು ಮಾತಾಡುವವರು ಇಡೀ ಶಾಲೆಯಲ್ಲಿ ಒಬ್ಬರೇ, ನಮ್ಮ ಪಿ.ಟಿ. ಮೇಡಂ ಗುರುದೇವಿ. ಅಲ್ಲೇ ಕನ್ನಡ ಕಲಿಸುವ ನನಗೆ ಆ ಧೈರ್ಯ ಎಂದೂ ಬರಲಿಲ್ಲ.

ಗುರುದೇವಿ ಮುದನಾಳದ ಒಕ್ಕಲು ಮನೆತನದವರು. ಕೊರಳಲ್ಲಿ ಲಿಂಗದ ಕರಡಿಗೆ, ಅದರ ಪಕ್ಕದಲ್ಲೇ ಸೀಟಿ. ಅವರು ಈ ಶಾಲೆಗೆ ಬಂದಾಗ ಅಂಕಣದಲ್ಲಿ ಕಂಬಗಳಿದ್ದವು, ಚೆಂಡು ಹಾಕುವ ಬಳೆಗಳಿರಲಿಲ್ಲ. ಟ್ರ್ಯಾಕ್ಟರ್ ಟ್ರಾಲಿ ಮಾಡುವ ಸಿಕಂದರನ ವೆಲ್ಡಿಂಗ್ ಅಂಗಡಿಯಲ್ಲಿ ಬಿಸಿಲಿಗೆ ನಿಂತು, ಕಬ್ಬಿಣದ ಸರಳು ಬಗ್ಗಿಸಿ ಬಳೆ ಮಾಡಿಸಿ ತಂದು ಹಾಕಿಸಿದರು. ಆಮೇಲೆ ಹುಡುಗಿಯರನ್ನು ಕೂಡಿಸಲು ಮನೆ ಮನೆ ತಿರುಗಿದರು. ಕುರಿ ಸಾಕುವ ಮಲ್ಕಪ್ಪ ತನ್ನ ಮಗಳು ಸುಮಲತಾಳಿಗೆ ಆಟ ಗೀಟ ಬರುವುದಿಲ್ಲ ಅಂದಾಗ, "ಕುರಿ ಹಿಂದ ಓಡಿದಾಕಿಗೆ ಚೆಂಡಿನ ಹಿಂದ ಓಡೂದು ಯಾರು ಕಲಿಸಬೇಕೋ ಯಪ್ಪಾ?" ಅಂದು ಕರೆದುಕೊಂಡೇ ಬಂದರು. ಆ ಸುಮಲತಾಳೇ ಈಗ ತಂಡದ ನಾಯಕಿ.

ಈ ಸಲ ಸುಗ್ಗಿಗೆ ಮೊದಲೇ ಗುರುದೇವಿ ಸಾಹುಕಾರರ ಅಂಗಡಿಗೆ ಹೋಗಿ ಕುಳಿತರು. ಅಂಕಣ ಬಿಟ್ಟುಕೊಡಿ ಎಂದು ಪಟ್ಟು ಹಿಡಿದರು. ಕೊನೆಗೆ ಬಸವಂತರಾಯರು, "ನಿಮ್ಮ ಹುಡುಗ್ಯಾರು ಯಾದಗಿರಿಯಾಗ ಜಿಲ್ಲಾ ಆಟ ಗೆದ್ದು ಕಲಬುರಗಿಗೆ ಆಡಾಕ ಹ್ವಾದ್ರ, ಆ ನೆಲದ ಮ್ಯಾಲ ಇನ್ನ ಒಂದು ಕಾಳು ಸೈತ ಹಾಕೂದಿಲ್ಲ. ಸೋತ್ರ ಮಾತ್ರ ಸುಮ್ಮನಿರಬೇಕು" ಅಂದರು. ಗುರುದೇವಿ ಆಗಲಿ ಎಂದು ಎದ್ದು ಬಂದರು.

ಇಲ್ಲಿ ಆಟದ ಒಂದು ನಿಯಮ ಹೇಳಲೇಬೇಕು. ನಡುವೆ ಚೆಂಡನ್ನು ಮೇಲಕ್ಕೆಸೆದು ಆಟ ಶುರು ಮಾಡುತ್ತಾರೆ. ಅದು ಒಂದು ತಂಡಕ್ಕೆ ಸಿಗುತ್ತದೆ. ಸಿಗದ ತಂಡದ ಕಡೆಗೆ, ಲೆಕ್ಕ ಬರೆಯುವವರ ಮೇಜಿನ ಮೇಲೆ ಒಂದು ಬಾಣ ತಿರುಗಿಸಿ ಇಡುತ್ತಾರೆ. ಮುಂದಿನ ಪಾಳಿ ಅವರದು ಅಂತ. ಆಮೇಲೆ ಎದುರಾಳಿಗಳಿಬ್ಬರು ಒಂದೇ ಚೆಂಡನ್ನು ಬಿಗಿಯಾಗಿ ಹಿಡಿದು ಯಾರೂ ಬಿಡದೆ ಹೋದರೆ ಮತ್ತೆ ಮೇಲಕ್ಕೆಸೆಯುವುದಿಲ್ಲ. ಬಾಣ ಯಾರ ಕಡೆಗಿದೆಯೋ ಅವರಿಗೆ ಚೆಂಡು. ಅವರು ಗೆರೆಯ ಆಚೆ ನಿಂತು ಒಳಗೆಸೆದು, ಅದು ಒಳಗಿದ್ದ ಆಟಗಾರ್ತಿಗೆ ಮುಟ್ಟಿದ ಮೇಲೆ ಬಾಣ ಇನ್ನೊಂದು ಕಡೆಗೆ ತಿರುಗುತ್ತದೆ. ಆಟಕ್ಕೆ ನಾಲ್ಕು ಕ್ವಾರ್ಟರು, ಮೊದಲನೆಯದನ್ನು ಬಿಟ್ಟು ಉಳಿದವು ಶುರುವಾಗುವುದೂ ಹೀಗೆಯೇ. ಒಮ್ಮೆ ಇವರಿಗೆ, ಒಮ್ಮೆ ಅವರಿಗೆ. ಮನೆಯಲ್ಲಿ ಇಬ್ಬರು ಮಕ್ಕಳನ್ನು ಸಾಕಿದವರಿಗೆಲ್ಲ ಗೊತ್ತಿರುವ ನ್ಯಾಯ ಇದು.

ಯಾದಗಿರಿಯಲ್ಲಿ ಫೈನಲ್ ಆಟ ಆ ಊರಿನ ತಂಡದ ಜೊತೆಗೇ ಬಿತ್ತು. ಕೊನೆಯ ಕ್ವಾರ್ಟರ್ ಶುರುವಿಗೆ ಚೆಂಡು ಎಸೆದವರು ಯಾದಗಿರಿಯವರು. ಹಾಗಾಗಿ ಬಾಣ ನಮ್ಮ ಕಡೆಗೆ ತಿರುಗಿತು. ಅದನ್ನು ನಾನು ಕಣ್ಣಾರೆ ನೋಡಿದೆ. ಆಟ ಮುಗಿಯುವ ಹೊತ್ತಿಗೆ ಅವರದು ಒಂದೇ ಅಂಕ ಮುಂದೆ. ಆಗ ಅವರ ಕೋಚ್ ಟೈಮ್ ಔಟ್ ಕೇಳಿದ. ಸರಿಯಾಗಿ ಅದೇ ಹೊತ್ತಿಗೆ, ಬೆಳಿಗ್ಗೆಯೇ ಬರಬೇಕಿದ್ದ ಮುಖ್ಯ ಅತಿಥಿಗಳ ಕಾರು ಬಂತು. ಇಳಿದವರು ನಮ್ಮ ಬಸವಂತರಾಯರು.

ಮೈಕ್ ಹಿಡಿದಿದ್ದ ನಿರೂಪಕ ಲಾಲಪ್ಪನಿಗೆ ಮೈಮೇಲೆ ದೇವರು ಬಂದಂತಾಯಿತು. ನಮ್ಮ ಕಡೆಯವರ ಈ ಚಟಕ್ಕೆ ಏನು ಹೇಳಲಿ? ಮೈಕು, ಶಾಲು ಎರಡೂ ಕೈಗೆ ಸಿಕ್ಕರೆ ಸತ್ತವರಿಗೆ ಮಣ್ಣು ಕೊಡಲು ಹೋದಲ್ಲೂ ಸನ್ಮಾನ ಮಾಡಿಯೇ ಬರುತ್ತಾರೆ. ಮೈದಾನದಲ್ಲಿ ಬಟ್ಟೆ ಹಾಸಿದ ಮೇಜು ಇದ್ದದ್ದು ಒಂದೇ, ಲೆಕ್ಕ ಬರೆಯುವವರದು. ಲಾಲಪ್ಪ ಅದರ ಮೇಲಿದ್ದ ಬಾಣದ ಹಲಗೆಯನ್ನು ಎತ್ತಿ ಕುರ್ಚಿಯ ಕೆಳಗೆ ತಳ್ಳಿದ. ಹಾರ, ತೆಂಗಿನಕಾಯಿ, ಹಣ್ಣಿನ ಬುಟ್ಟಿ ಮೇಜಿನ ಮೇಲೆ ಬಂದವು. ಲೆಕ್ಕ ಬರೆಯುವವರು ಎದ್ದು ಚಪ್ಪಾಳೆ ತಟ್ಟಿದರು. ಸೀಟಿ ಊದಬೇಕಾದ ರೆಫ್ರಿಯೂ ಶಾಲಿನ ಒಂದು ತುದಿ ಹಿಡಿದು ಫೋಟೋಕ್ಕೆ ನಿಂತ. ಹುಡುಗಿಯರು ಬೆವರು ಆರಿ, ಬಿಸಿಲಲ್ಲಿ ಕಾಲು ಬದಲಿಸುತ್ತಾ ಕಾದರು. ಎಲ್ಲ ಮುಗಿದ ಮೇಲೆ ಲಾಲಪ್ಪ ಹಲಗೆಯನ್ನು ತಡಕಿ ತೆಗೆದು ಮತ್ತೆ ಮೇಜಿನ ಮೇಲಿಟ್ಟ. ಯಾವ ಕಡೆಗೆ ಎಂದು ಅವನೂ ನೋಡಲಿಲ್ಲ, ಯಾರೂ ನೋಡಲಿಲ್ಲ.

ಆಟ ಮತ್ತೆ ಶುರುವಾಯಿತು. ಬಳೆಗೆ ಬಡಿದು ಬಂದ ಚೆಂಡನ್ನು ಸುಮಲತಾ ಹಾರಿ ಹಿಡಿದಳು. ಎದುರಾಳಿಯೂ ಹಿಡಿದಳು. ಇಬ್ಬರೂ ಬಿಡದೆ ನೆಲಕ್ಕೆ ಬಿದ್ದರು. ಸೀಟಿ ಕೇಳಿತು. ರೆಫ್ರಿ ಮೇಜಿನತ್ತ ನೋಡಿ ಯಾದಗಿರಿಗೆ ಚೆಂಡು ಅಂದ.

ಗುರುದೇವಿ ಮೇಜಿಗೇ ಬಂದರು. "ಈ ಕ್ವಾರ್ಟರ್ ಶುರುವಿಗೆ ಚೆಂಡು ಒಗದವ್ರು ಯಾರ್ರಿ? ಅವ್ರು. ಆಮ್ಯಾಲ ಒಮ್ಮೆನೂ ಹಿಂಗ ಚೆಂಡು ಸಿಗಿಬಿದ್ದಿಲ್ಲ. ಮತ್ತ ಅವ್ರಿಗೇ ಹ್ಯಾಂಗ ಕೊಡ್ತೀರಿ?"

"ಬಾಣ ಅಲ್ಲೇ ಐತಲ್ರಿ ಮೇಡಂ. ನಾ ಬಾಣ ನೋಡ್ತೀನ್ರಿ" ಅಂದ ರೆಫ್ರಿ.

"ಬಾಣ ತೆಗದು ತೆಂಗಿನಕಾಯಿ ಇಟ್ಟವ್ರು ನೀವು."

"ಅತಿಥಿಗಳ ಮುಂದ ಜಗಳ ಬ್ಯಾಡ್ರಿ" ಅಂದ ಲಾಲಪ್ಪ. ಅತಿಥಿಗಳು ಶಾಲು ಹೊದ್ದು ಅಲ್ಲೇ ಕುಳಿತಿದ್ದರು. ತಮ್ಮದೇ ಶಾಲೆಯ ಹುಡುಗಿಯರ ಚೆಂಡು ಹೋಗುತ್ತಿದೆ, ಒಂದು ಮಾತು ಆಡಿದ್ದರೆ ರೆಫ್ರಿ ನಿಲ್ಲುತ್ತಿದ್ದ. ಅವರು ಆಡಿದ ಮಾತು ಇದು: "ಹೋಗ್ಲಿ ಬಿಡ್ರಿ ಮೇಡಂ, ಮಕ್ಕಳಾಟ."

ಯಾದಗಿರಿಯವರು ಚೆಂಡು ಎಸೆದರು, ಉಳಿದಿದ್ದ ಕೆಲವೇ ಸೆಕೆಂಡು ಕೈಯಿಂದ ಕೈಗೆ ದಾಟಿಸಿದರು, ಆಟ ಮುಗಿಯಿತು. ಆ ಹುಡುಗಿಯರದೇನೂ ತಪ್ಪಿಲ್ಲ. ಚೆಂಡು ಕೊಟ್ಟಿದ್ದರೆ ನಮ್ಮವರು ಬಳೆಗೆ ಹಾಕುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು? ಹಾಕಲು ಬಿಡಬೇಕಿತ್ತು. ನನಗೆ ಹೊಟ್ಟೆ ಉರಿದದ್ದು ಅದಕ್ಕೆ, ಇಂದಿಗೂ ಉರಿಯುವುದು ಅದಕ್ಕೆ. ಸಾಲದ್ದಕ್ಕೆ ಲಾಲಪ್ಪ ಉಳಿದ ಒಂದು ಶಾಲು ಹಿಡಿದುಕೊಂಡು ಗುರುದೇವಿಯ ಹತ್ತಿರ ಬಂದ, ನಿಮಗೂ ಒಂದು ಸನ್ಮಾನ ಅಂತ. "ಇದನ್ನ ಒಯ್ದು ನಾ ಏನ ಮಾಡ್ಲಿ ತಮ್ಮಾ? ನಮಗ ಬರಬೇಕಾದದ್ದು ಚೆಂಡು" ಅಂದು ಅವರು ಹುಡುಗಿಯರನ್ನು ಕರೆದುಕೊಂಡು ಬಸ್ಸು ಹತ್ತಿದರು.

ಸೋಮವಾರ ಬೆಳಿಗ್ಗೆ ಅಂಕಣದ ಅಂಚಿಗೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಹಮಾಲರ ಸಮೇತ ಬಂದು ನಿಂತಿತ್ತು. ಬಸವಂತರಾಯರೂ ಬಂದಿದ್ದರು.

"ಮಾತು ಅಂದ್ರ ಮಾತ್ರಿ ಮೇಡಂ" ಅಂದರು. "ಆಟದಾಗ ಸೋಲು ಗೆಲವು ಇದ್ದದ್ದ."

"ಒಂದು ಕೇಳ್ತೀನ್ರಿ ಸಾವ್ಕಾರ್ರ" ಅಂದರು ಗುರುದೇವಿ. "ಕಾಲುವಿ ನೀರು ನಿಮ್ಮ ಪಾಳಿ ಇದ್ದಾಗ ಮ್ಯಾಲಿನ ಹೊಲದವ್ರು ತಿರುವಿಕೊಂಡ್ರ, ಸೋಲು ಗೆಲವು ಇದ್ದದ್ದ ಅಂತ ಮನೀಗಿ ಹೋಗ್ತೀರೇನ್ರಿ?"

"ನಾ ಯಾಕ ಹೋಗ್ಲಿ? ಪಾಳಿ ಅಂದ್ರ ಪಾಳಿ. ನೀರು ನನ್ನ ಹೊಲಕ್ಕ ಮುಟ್ಟೂತನಕ ತೂಬಿನ ಮ್ಯಾಲಿಂದ ಏಳೂದಿಲ್ಲ."

ಹಮಾಲರಲ್ಲೊಬ್ಬ ತಲೆ ತಗ್ಗಿಸಿ ನಕ್ಕ. ತಾವು ಏನಂದೆವೆಂದು ಸಾಹುಕಾರರಿಗೆ ಸ್ವಲ್ಪ ತಡವಾಗಿ ಹೊಳೆಯಿತು.

"ಹಂಗಾರ ನಾವೂ ಏಳೂದಿಲ್ರಿ" ಅಂದು ಗುರುದೇವಿ ಅಂಕಣದ ನಡುವಿನ ವೃತ್ತದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತರು. ಸುಮಲತಾ ಹೋಗಿ ಪಕ್ಕದಲ್ಲಿ ಕುಳಿತಳು. ತಂಡದ ಹುಡುಗಿಯರೆಲ್ಲ ಕುಳಿತರು. ನಾನೂ ಚಪ್ಪಲಿ ಬಿಟ್ಟು ಹೋಗಿ ಕುಳಿತೆ. ಬಸವಂತರಾಯರು ಚೀಲ ಬಿಚ್ಚಿರೆಂದು ಹಮಾಲರಿಗೆ ಕೂಗಿದರು, ಮತ್ತೊಮ್ಮೆ ಕೂಗಿದರು. ಯಾರೂ ಬಿಚ್ಚಲಿಲ್ಲ.