ಅವ್ವ ನೋಡದ ಆಟಗಳು

ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಅವ್ವನ ಫೋನು ಬರುತ್ತಿತ್ತು. ಸಮುದ್ರದ ಪಕ್ಕದ ಊರಿರಲಿ, ಬೆಟ್ಟದ ಮೇಲಿನ ಊರಿರಲಿ, ಹೆಸರು ಹೇಳಲು ನಾಲಿಗೆ ಹೊರಳದ ಯಾವುದೋ ಊರಿರಲಿ, ಹೋಟೆಲಿನ ಪರದೆಯ ಸಂದಿಯಿಂದ ಬಿಸಿಲು ಹಾಸಿಗೆಗೆ ಬರುವ ಹೊತ್ತಿಗೆ ಸರಿಯಾಗಿ ಫೋನು. ಅರೆನಿದ್ದೆಯಲ್ಲಿ ಎತ್ತಿಕೊಂಡರೆ ಅದೇ ಪ್ರಶ್ನೆ.

"ಕೈಕಾಲು ಚಲೋ ಅದಾವಾ?"

"ಅದಾವವ್ವ."

"ಉಂಡೀ?"

"ಈಗಷ್ಟ ಎದ್ದೀನಿ, ಏನ್ ಉಣ್ಲಿ?"

ಅಷ್ಟೇ. ಗೆದ್ದಿರಾ, ಸೋತಿರಾ ಎಂದು ಆಕೆ ಒಂದು ದಿನವೂ ಕೇಳಲಿಲ್ಲ. ಆದರೂ ನಾನು ಫೋನು ಇಡುತ್ತಿರಲಿಲ್ಲ. ಆಚೆ ಕಡೆ ಬಳ್ಳಾರಿ ಸತ್ಯನಾರಾಯಣಪೇಟೆಯ ನಮ್ಮ ಬೀದಿ ಕೇಳಿಸುತ್ತಿತ್ತು. ತೆಲುಗಿನಲ್ಲಿ ಕೂಗುವ ಸೊಪ್ಪಿನವಳು, ಅವಳೊಡನೆ ಕನ್ನಡದಲ್ಲಿ ಚೌಕಾಸಿ ಮಾಡುವ ಅವ್ವ, ಕುಕ್ಕರಿನ ಸೀಟಿ. ಅದನ್ನೆಲ್ಲ ಕೇಳುತ್ತ ಮತ್ತೆ ಜೊಂಪು ಹತ್ತುತ್ತಿತ್ತು.

ಅವ್ವ ನನ್ನ ಆಟ ನೋಡುತ್ತಿರಲಿಲ್ಲ. ಇಷ್ಟವಿಲ್ಲದೆ ಅಲ್ಲ, ಹೆದರಿ. ನಾನು ಹೈಸ್ಕೂಲಿನಲ್ಲಿದ್ದಾಗ, ಬಳ್ಳಾರಿ ಕೋಟೆ ಗುಡ್ಡ ಎದುರಿಗೇ ಕಾಣುವ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದ ದಿನ, ಓಣಿಯ ಹೆಂಗಸರ ಜೊತೆ ಆಕೆ ನೋಡಲು ಬಂದಿದ್ದಳು. ಎಷ್ಟು ಚಂದ ಓಡ್ತಾನ ನನ್ನ ಮಗ ಎಂದು ಮನಸ್ಸಿನಲ್ಲಿ ಅಂದುಕೊಂಡಳಂತೆ. ಅಂದುಕೊಂಡ ಬೆನ್ನಲ್ಲೇ ನಾನು ಬಿದ್ದೆ, ಭುಜದ ಎಲುಬು ಮುರಿಯಿತು. ಆಕೆಯ ತವರು ಕುರುಗೋಡಿನಲ್ಲಿ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಬೊಗಸೆ ಮೆಣಸಿನಕಾಯಿ ಉರಿದರೂ ಒಬ್ಬರಿಗೂ ಕೆಮ್ಮು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಾಗಿರುವುದು ಖರೆ, ಅದೂ ಹೆತ್ತವಳದೇ, ಹೆತ್ತವಳಷ್ಟು ಆಸೆಯಿಂದ ಇನ್ಯಾರು ನೋಡುತ್ತಾರೆ ಎಂದು ಅಜ್ಜಿ ತೀರ್ಪು ಕೊಟ್ಟಳು. ಅವತ್ತೇ ಅವ್ವ ನನ್ನ ಆಟಕ್ಕೆ ಕಣ್ಣು ಮುಚ್ಚಿಕೊಂಡಳು.

ಅಜ್ಜಿಗೆ ಸಿಟ್ಟಿನಿಂದ ಏನೇನೋ ಅನ್ನಬೇಕು ಅನ್ನಿಸುತ್ತದೆ ಈಗಲೂ. ಆದರೆ ಮುರಿದ ಭುಜಕ್ಕೆ ರಾತ್ರಿಯಿಡೀ ಗಾಳಿ ಹಾಕುತ್ತ ಕೂತವಳೂ ಅವಳೇ. ಹಾಳಾಗಿ ಹೋಗಲಿ.

ಆಟ ಕಲಿತದ್ದು ಮಾತ್ರ ಸಿರುಗುಪ್ಪದಲ್ಲಿ, ಸೋದರಮಾವನ ರೈಸ್ ಮಿಲ್ಲಿನ ಹಿಂದಿನ ಸಿಮೆಂಟು ಕಣದಲ್ಲಿ. ರಜೆ ಬಂತೆಂದರೆ ಅಲ್ಲೇ. ಕುದಿಸಿದ ಭತ್ತ ಕಣದ ತುಂಬ ಹರವಿರುತ್ತಿತ್ತು, ಹಬೆಯಾಡುತ್ತಿತ್ತು, ಹೆಂಗಸರು ಬರಿಗಾಲನ್ನು ಎಳೆಯುತ್ತ ನಡೆದು ಅದರಲ್ಲಿ ಸಾಲು ಬಿಡಿಸುತ್ತಿದ್ದರು. ಎರಡು ಹರವುಗಳ ನಡುವಿನ ಓಣಿಯಂಥ ಜಾಗವೇ ನಮ್ಮ ಮೈದಾನ. ಬಿದ್ದರೆ ಭತ್ತ ಚೆಲ್ಲಾಪಿಲ್ಲಿ. ಮಾಮ ಗೋದಾಮಿನ ಬಾಗಿಲಿನಿಂದಲೇ ಗುಡುಗುತ್ತಿದ್ದ, "ಲೇ ಅಳಿಯಾ, ಬಿದ್ದೀ ಅಂದ್ರ ನೋಡು ಮತ್ತ, ಒಂದೊಂದ್ ಕಾಳು ನಿನ್ ಕೈಲೇ ಆರಿಸ್ತೀನಿ!" ಹಾಗಾಗಿ ನಾನು ಬೀಳದೆ ಚೆಂಡು ಕಸಿಯುವುದನ್ನು ಕಲಿತೆ. ಎದುರಿಗೆ ಬರುವವನ ಮುಖ ನೋಡಬಾರದು, ಸೊಂಟ ನೋಡಬೇಕು. ಮುಖ ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ. ಅವನಿಗೆ ಮುಂದೆ ಬರಲು ಜಾಗ ಕೊಡುತ್ತ, ನಾವು ಹಿಂದೆ ಹಿಂದೆ ಹೋಗುತ್ತ, ಅವನಿಗೇ ಬೇಸರ ಬಂದು ಚೆಂಡನ್ನು ಚೂರು ಉದ್ದ ತಳ್ಳುವ ತನಕ ಕಾಯಬೇಕು.

ಆಮೇಲೆ ದೊಡ್ಡ ಕ್ಲಬ್ಬುಗಳು, ದೊಡ್ಡ ದೀಪಗಳು, ಮೆತ್ತನೆ ಹುಲ್ಲು. ಕೋಚುಗಳು ತಲೆ ಚಚ್ಚಿಕೊಂಡರು. ನೆಲಕ್ಕೆ ಜಾರಿ ಚೆಂಡು ಹೊಡಿಯೋ, ಯಾಕೆ ಜಾರುವುದಿಲ್ಲ ನೀನು? ಏನು ಹೇಳಲಿ! ಮಳೆಯಲ್ಲಿ ತೊಯ್ದ ಆ ಹುಲ್ಲಿನ ಮೇಲೆ ಹಿಂದೆ ಸರಿಯುವಾಗ ನನ್ನ ಪಾದಕ್ಕೆ ಬೆಚ್ಚನೆಯ ಭತ್ತ ತಾಗಿದಂತೆ ಆಗುತ್ತಿತ್ತು. ಸಾವಿರಾರು ಜನರ ಕೂಗು ದೂರ ಸರಿದು ಮಿಲ್ಲಿನ ಬೆಲ್ಟು ತಿರುಗುವ ಸದ್ದಾಗುತ್ತಿತ್ತು. ಎದುರಿನ ಫಾರ್ವರ್ಡು ನನಗೆ ನಿದ್ದೆಯಲ್ಲಿ ನಡೆದು ಬರುವವನಂತೆ ಕಾಣುತ್ತಿದ್ದ. ಎಷ್ಟೋ ಸಲ ಚೆಂಡು ನನ್ನ ಕಾಲಿಗೆ ಬಂದಮೇಲೇ ಎಚ್ಚರವಾಗುತ್ತಿತ್ತು.

ಈ ಕೆಲಸದ ಗೋಳು ಯಾರಿಗೆ ಬೇಕು? ಗೋಲು ಹೊಡೆದವನನ್ನು ಹೆಗಲ ಮೇಲೆ ಹೊರುತ್ತಾರೆ. ಗೋಲು ಆಗದ ಹಾಗೆ ನೋಡಿಕೊಂಡವನು ನೀರು ಕುಡಿದು ಬಸ್ಸು ಹತ್ತುತ್ತಾನೆ. ಟಿವಿಯಲ್ಲೂ ನಾವು ಕಾಣುವುದು ತಪ್ಪು ಮಾಡಿದಾಗಲೇ, ಅದನ್ನೇ ತಿರುಗಿಸಿ ಮುರುಗಿಸಿ ತೋರಿಸುತ್ತಾರೆ. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವನಲ್ಲ. ಆದರೆ ಅವ್ವ ಒಂದು ಸಲ ನೋಡಬೇಕು ಎನ್ನುವ ಆಸೆ ಹೋಗಲಿಲ್ಲ. ಅಪ್ಪ ಹಾಲ್‌ನಲ್ಲಿ ಟಿವಿ ಹಚ್ಚಿದರೆ ಆಕೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಗಿಹೋದ ಆಟದ ತುಣುಕನ್ನು ಫೋನಿಗೆ ಕಳಿಸಿದರೆ ತೆರೆಯುತ್ತಲೂ ಇರಲಿಲ್ಲ.

"ಅದು ಮುಗದ ಹೋದ ಆಟ ಅವ್ವ, ಹೋದ ವಾರದ್ದು!"

"ಕಣ್ಣಿಗೇನ್ ತಾರೀಖು ಗೊತ್ತಾಗ್ತೈತಾ? ಸುಮ್ಕಿರು."



ಕೊನೆಗೆ ಮಂಡಿ ಕೈಕೊಟ್ಟಿತು. ಎರಡು ಸಲ ಆಪರೇಷನ್ ಆದಮೇಲೆ ಬಳ್ಳಾರಿಗೆ ಬಂದು ತೋರಿಸಿದರೆ ಎಲುಬಿನ ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, "ಸಾಕ್ ಮಾಡ್ರಿ ಇನ್ನ. ಪಟ್ಟಿ ಕಟ್ಟಿಕೊಂಡು ಒಂದಾಟ ಆಡ್ತೀನಂದ್ರ ಆಡ್ರಿ. ಆಮ್ಯಾಲ ಬ್ಯಾಡ" ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಆಟೋದವನೊಬ್ಬ ನಿಲ್ಲಿಸಿ ನೋಡಿ ಹೋದ.

ಸುದ್ದಿ ಕೇಳಿದ ಮಾಮ ಸಿರುಗುಪ್ಪದಲ್ಲೇ ಒಂದು ಆಟ ಇಡಿಸಿದ. ಆ ಒಂದು ಆಟ ಅವ್ವ ನೋಡಬೇಕು ಎಂದು ನಾನು ಹಟ ಹಿಡಿದೆ. ಹಟ ಹಿಡಿದ ಮರುದಿನವೇ ಆಕೆ ಹೇಳದೆ ಕೇಳದೆ ಕುರುಗೋಡಿನ ಬಸ್ಸು ಹತ್ತಿ ತವರಿಗೆ ಹೋದಳು. ನಾನು ಬಿಡುತ್ತೇನೆಯೇ, ಮುಂದಿನ ಬಸ್ಸಿಗೆ ಹಿಂದೆಯೇ ಹೋದೆ. ಕುರುಗೋಡಿನಲ್ಲಿ ಮಧ್ಯಾಹ್ನ ನಿಂತುಬಿಟ್ಟಂತೆ ಇರುತ್ತದೆ. ಬಂಡೆಗಳೆಲ್ಲ ಬಿಸಿಲಿಗೆ ಕಾದು ತೂಕಡಿಸುತ್ತಿರುತ್ತವೆ. ಅವ್ವ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಇದು ಕಡೀ ಆಟ ಅವ್ವ. ಇದೊಂದ್ ನೋಡು."

"ಕಡೀದಾಗೇ ಏನರೆ ಆದ್ರ? ನೀ ಜೀವನಪೂರ್ತಿ ಕುಂಟಬೇಕೇನು?"

"ನೀ ನೋಡ್ಲಾರದಾಗೂ ಮಂಡಿ ಹೋತಲ್ಲ! ಅದಕ್ಕ ಯಾರ ಕಣ್ಣು ಬಿತ್ತು?"

ಹೇಳಬಾರದಿತ್ತು. ಆಕೆಯ ಬೆರಳು ನಿಂತವು. ಕೈಯಲ್ಲಿದ್ದ ಬೀಜವನ್ನು ಪಕ್ಕಕ್ಕೆ ಹಾಕಿ, "ಬಂದ್ ಕುಂದ್ರತೀನಿ. ನೋಡಂಗಿಲ್ಲ" ಎಂದಳು.

ಹೇಳಿದ ಹಾಗೇ ಮಾಡಿದಳು, ಪುಣ್ಯಾತ್ಗಿತ್ತಿ. ಆಟದ ದಿನ ಮಾಮ ಹಾಕಿಸಿದ ಕುರ್ಚಿಯನ್ನು ತಿರುಗಿಸಿಕೊಂಡು, ಮೈದಾನಕ್ಕೆ ಬೆನ್ನು ಮಾಡಿ ಕೂತಳು. ಊರೆಲ್ಲ ಈ ಕಡೆ ಮುಖ ಮಾಡಿದ್ದರೆ ಅವಳೊಬ್ಬಳು ಗದ್ದೆಯ ಕಡೆ. ನಾನು ಹಿಂದೆ ಹಿಂದೆ ಸರಿಯುವಾಗೆಲ್ಲ ಕಣ್ಣಂಚಿನಲ್ಲಿ ಆ ತುರುಬು, ಹಸಿರು ಸೀರೆಯ ಆ ಬೆನ್ನು. ಮೈ ಉರಿಯುತ್ತಿತ್ತು. ಆದರೂ ಅಂಥ ಆಟ ನಾನು ಹಿಂದೆ ಆಡಿದ್ದಿಲ್ಲ. ಸಂಜೆಯ ಬಿಸಿಲಿನಲ್ಲಿ ಧೂಳು ಬಂಗಾರದ ಬಣ್ಣಕ್ಕೆ ತಿರುಗಿ ಎಲ್ಲರೂ ಅದರೊಳಗೆ ತೇಲುತ್ತಿರುವಂತೆ ಇತ್ತು, ಮಂಡಿ ನೋಯುತ್ತಿದ್ದುದು ಬೇರೆ ಯಾರದ್ದೋ ಅನ್ನಿಸುತ್ತಿತ್ತು. ನನ್ನನ್ನು ದಾಟಿ ಒಬ್ಬನೂ ಹೋಗಲಿಲ್ಲ. ಜನ ಹೋ ಎಂದಾಗ ಆ ಬೆನ್ನು ಒಮ್ಮೆ ನಡುಗುತ್ತಿತ್ತು, ತಿರುಗುತ್ತಿರಲಿಲ್ಲ.

ಸೀಟಿ ಊದಿದರು. ಹಾರ, ಶಾಲು, ಫೋಟೋ ಎಲ್ಲ ಆಗಿ ಜನ ಕರಗಿದರು. ನಾನು ಕುಂಟುತ್ತ ಅವ್ವನ ಹತ್ತಿರ ಹೋದೆ. ಜಗಳ ಮಾಡಬೇಕು ಅಂತಲೇ ಹೋದದ್ದು.

ಆಕೆ ತಿರುಗದೆಯೇ ಕೇಳಿದಳು, "ಮುಗೀತಾ?"

"ಮುಗೀತು."

"ಇನ್ನ ಎಂದೂ ಆಡಂಗಿಲ್ಲಲ್ಲ? ನನ್ ಮ್ಯಾಲ ಆಣಿ?"

"ಇಲ್ಲವ್ವ. ಮುಗೀತು ಎಲ್ಲಾ."

ಆಗ ಎದ್ದು ತಿರುಗಿದಳು. ಬೂಟಿನಿಂದ ತಲೆಯ ತನಕ ನಿಧಾನವಾಗಿ, ಅಂಜದೆ, ಕಣ್ಣು ತುಂಬ ನೋಡಿದಳು. ಆಟದ ಅಂಗಿಯಲ್ಲಿ ನನ್ನನ್ನು ಆಕೆ ನೋಡಿದ್ದು ಭುಜ ಮುರಿದ ದಿನದ ಮೇಲೆ ಅದೇ ಮೊದಲು.

"ಏನ್ ಮಾಡ್ತಿದ್ದೆಪ್ಪಾ ನೀನು ಇಷ್ಟ್ ವರ್ಷ? ತೋರ್ಸು ಈಗ."

"ಒಬ್ನ ಏನ್ ತೋರ್ಸಲಿ? ಎದುರಿಗೆ ಒಬ್ರು ಬರಬೇಕು, ಅವರನ್ನ ತಡೀಬೇಕು. ಅದ ನನ್ ಕೆಲ್ಸ."

ಅವ್ವ ಆಚೀಚೆ ನೋಡಿದಳು. ಚಪ್ಪಲಿ ಬಿಟ್ಟಳು, ಸೆರಗು ಸೊಂಟಕ್ಕೆ ಸಿಗಿಸಿದಳು, ಬಿದ್ದಿದ್ದ ಚೆಂಡನ್ನು ಕಾಲಿನಿಂದ ತಳ್ಳಿದಳು. ಮಾಮ "ಏ ಅಕ್ಕಾ!" ಎಂದು ಬಾಯಿ ಬಿಟ್ಟು ನಿಂತ. ಆಕೆ ಬಂದಳು, ಎರಡೂ ಕೈ ಅಗಲಿಸಿಕೊಂಡು, ನಗು ತಡೆಯುತ್ತ, ನಾನು ಹಿಂದೆ ಹಿಂದೆ ಹೋದೆ. ಗೋಲಿನ ಕಂಬ ಬೆನ್ನಿಗೆ ಹತ್ತಿರವಾಯಿತು. ಬಿಟ್ಟುಬಿಡಲೇ ಅನ್ನಿಸಿತು, ದಾಟಿ ಹೋಗಲಿ ನನ್ನವ್ವ, ಯಾರು ಕೇಳುತ್ತಾರೆ? ನನ್ನ ಮನಸ್ಸು ಆಕೆಗೆ ತಿಳಿಯಿತೋ ಏನೋ, "ಲೇ, ಬಿಟ್ಟಗಿಟ್ಟೀ ಮತ್ತ! ನೋಡಾಕ ಬಂದೀನಿ ನಾನು" ಎಂದು ಗದರಿದಳು.

ಚೆಂಡು ಆಕೆಯ ಕಾಲಿನಿಂದ ಚೂರು ಉದ್ದ ಬಂತು. ಸೆರಗಿಗೂ ತಾಗದಂತೆ ಕಸಿದುಕೊಂಡೆ.

ಅವ್ವ ಬರಿಗಾಲಿನಲ್ಲಿ ನಿಂತು ನನ್ನನ್ನು ನೋಡಿದಳು, ಚೆಂಡನ್ನು ನೋಡಿದಳು. "ಹಡದವ್ವನ್ನೂ ಬಿಡಂಗಿಲ್ಲಲ್ಲೋ ನೀನು!" ಎಂದು ನಕ್ಕಳು. ನಗುತ್ತ ನಗುತ್ತಲೇ ಅಲ್ಲೇ ಮಣ್ಣಿನಲ್ಲಿ ಕೂತು, ಸೆರಗನ್ನು ಮುಖಕ್ಕೆ ಒತ್ತಿಕೊಂಡು, "ಎಷ್ಟ್ ಚಂದ ಆಡ್ತೀಯಲ್ಲೋ, ಎಷ್ಟ್ ಚಂದ ಆಡ್ತಿದ್ದೆಲ್ಲೋ ನೀನು" ಎಂದು ಜೋರಾಗಿ ಅತ್ತಳು.